ಆಪರೇಷನ್ ಆದ ನಾಯಿಗೆ ಶುಲ್ಕ ಕಡಿಮೆ ಮಾಡಿ

ಮಾನ್ಯ ಸಂಪಾದಕರೇ,

ಬೀದಿನಾಯಿ ಕಾಟದ ಮಾತು ಬಂದರೆ ಮಂಗಳೂರಿನಲ್ಲಿ ಎಲ್ಲರೂ ಪಾಲಿಕೆಯನ್ನೇ ಬೈಯುತ್ತೇವೆ. ಆದರೆ ಅವುಗಳಲ್ಲಿ ಎಷ್ಟೋ ನಮ್ಮ ಮನೆಗಳಲ್ಲೇ ಹುಟ್ಟಿದವು, ಅಲ್ವಾ? ಮಳೆಗಾಲದ ಬೆಳಿಗ್ಗೆ ಮೀನು ಮಾರ್ಕೆಟ್ ಕಡೆ ಹೋಗಿ ನೋಡಿ. ಮುಚ್ಚಿದ ಅಂಗಡಿಯ ಶಟರ್ ಬುಡದಲ್ಲಿ ಒದ್ದೆಯಾದ ರಟ್ಟಿನ ಪೆಟ್ಟಿಗೆ, ಒಳಗೆ ಆಗಷ್ಟೇ ಕಣ್ಣು ಬಿಟ್ಟ ನಾಲ್ಕೈದು ಮರಿ, ಹೆಚ್ಚಿನವು ಹೆಣ್ಣು. ಗಂಡು ಮರಿಯನ್ನು ಕೇಳಿಕೊಂಡು ಬಂದು ಒಯ್ಯುತ್ತಾರೆ, ಹೆಣ್ಣು ಯಾರಿಗೂ ಬೇಡ. ಅದರಲ್ಲಿ ಬದುಕಿ ಉಳಿದದ್ದು ಒಂದು ವರ್ಷ ಆಗುವಷ್ಟರಲ್ಲಿ ತಾನೂ ಮರಿ ಹಾಕುತ್ತದೆ. ಪಾಲಿಕೆಯವರು ಒಂದು ಕಡೆ ಬೀದಿನಾಯಿಗೆ ಮರಿ ಆಗದಂತೆ ಆಪರೇಷನ್ ಮಾಡಿಸಿ ಕಿವಿಗೆ ಗುರುತು ಹಾಕುತ್ತಾ ಹೋದರೆ ಇನ್ನೊಂದು ಕಡೆ ನಾವು ಮರಿ ತಂದು ಸುರಿಯುತ್ತಿದ್ದೇವೆ.

ಅದಕ್ಕೇ ಕೇಳುತ್ತಿದ್ದೇನೆ, ಸಾಕುನಾಯಿಯ ನೋಂದಣಿ ಶುಲ್ಕ ಎಲ್ಲದಕ್ಕೂ ಒಂದೇ ಇರುವುದು ಬೇಡ. ಸಂತಾನಹರಣ ಚಿಕಿತ್ಸೆ ಆದ ನಾಯಿಗೆ ತೀರಾ ಕಡಿಮೆ ಇರಲಿ, ಆಗದಿದ್ದರೆ ಅದರ ನಾಲ್ಕು ಪಟ್ಟು. ನ್ಯೂಯಾರ್ಕ್ ನಗರದಲ್ಲಿ ಹೀಗೇ ಇದೆ: ವರ್ಷಕ್ಕೆ ಆಪರೇಷನ್ ಆದ ನಾಯಿಗೆ 8.50 ಡಾಲರ್, ಆಗದ್ದಕ್ಕೆ 34. ಜಾಸ್ತಿ ಬಂದ ದುಡ್ಡು ಪಾಲಿಕೆಯ ಬೇರೆ ಖರ್ಚಿಗೆ ಹೋಗಬಾರದು. ಅಂಗಳ ಕಾಯಲು ಊರ ನಾಯಿ ಸಾಕಿಕೊಂಡ ಬಿಪಿಎಲ್ ಕಾರ್ಡಿನ ಮನೆಗಳಿಗೆ ಅದರಿಂದಲೇ ಉಚಿತವಾಗಿ ಆಪರೇಷನ್ ಮಾಡಿಸಿಕೊಡಬೇಕು. ಇಲ್ಲದಿದ್ದರೆ ಇದು ಬಡವರ ಮೇಲಿನ ದಂಡ ಆಗುತ್ತದೆ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ವಯಸ್ಸಾದ, ಕಾಯಿಲೆಯ ನಾಯಿಗೆ ಪಶುವೈದ್ಯರ ಚೀಟಿ ಇದ್ದರೆ ವಿನಾಯಿತಿ ಕೊಡಲಿ.

"ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸುವ" ಎನ್ನುವವರು ನಮ್ಮಲ್ಲಿ ತುಂಬಾ ಜನ. ನಾಯಿಯ ಆರೋಗ್ಯಕ್ಕೆ ಹಾಗೆ ಒಂದು ಸಲ ಮರಿ ಹಾಕಿಸುವ ಅಗತ್ಯವೇ ಇಲ್ಲ. ಆಪರೇಷನ್ ಆಗದ ಹೆಣ್ಣು ನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು, ತಡ ಮಾಡಿದರೆ ಜೀವವೇ ಹೋಗಬಹುದು. ಮೊದಲೇ ಮಾಡಿಸಿದರೆ ಆ ಭಯ ಇಲ್ಲ.

ಶುಲ್ಕ ಹೆಚ್ಚಿಸಿದರೆ ಜನ ನೋಂದಣಿಗೇ ಬರುವುದಿಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಸುಮ್ನೆ ಕಚೇರಿಗೆ ಬನ್ನಿ ಎಂದರೆ ಯಾರು ಬರುತ್ತಾರೆ? ಉಚಿತ ರೇಬೀಸ್ ಲಸಿಕೆ ಶಿಬಿರಕ್ಕಾದರೆ ನಾಯಿ ಹಿಡಿದುಕೊಂಡು ಬಂದೇ ಬರುತ್ತಾರೆ. ಅಲ್ಲೇ ಒಂದು ಮೇಜು ಹಾಕಿ ನೋಂದಣಿ ಮಾಡಿ, ಆಪರೇಷನ್‌ಗೆ ದಿನ ಕೊಟ್ಟು ಕಳಿಸಿ. ಮೊದಲ ವರ್ಷ ಯಾರಿಂದಲೂ ಹೆಚ್ಚಿನ ಶುಲ್ಕ ಬೇಡ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಹೊತ್ತಿಗಾದರೂ ಒಂದೆರಡು ವಾರ್ಡಿನಲ್ಲಿ ಇದನ್ನು ಶುರು ಮಾಡಿ ನೋಡಲಿ.

— ಓದುಗ, ಉರ್ವ, ಮಂಗಳೂರು