ಆಸ್ಪತ್ರೆ ದಾಟುವವರೆಗೆ ಡಿಜೆ ಆರಿಸಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಅವ್ವನನ್ನು ಕಲಬುರಗಿಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ 11ರ ಸುಮಾರಿಗೆ ಮದುವೆ ಮೆರವಣಿಗೆಯೊಂದು ಡಿಜೆ ಹಾಕಿಕೊಂಡು ಗೇಟಿನ ಮುಂದೆಯೇ ನಿಂತಿತು. ಕಿಟಕಿ ಗಾಜು ನಡುಗಿತು. ಅವ್ವನ ಕೈಗೆ ಸಲೈನ್ ಹಚ್ಚಿದ್ದರು. ಅವಳನ್ನು ನೋಡಿಕೊಳ್ಳಬೇಕಾದ ನಾನೇ ನೆಲದ ಮೇಲೆ ಕಿವಿ ಮುಚ್ಚಿಕೊಂಡು ಕೂತುಬಿಟ್ಟೆ. ಪಕ್ಕದ ಬೆಡ್ಡಿನ ಅಜ್ಜಿ “ಏನಾತವ್ವಾ ನಿನಗ?” ಅಂತ ಕೇಳಿದರು. ನನಗೆ ಬಾಯಿಯೇ ಬರಲಿಲ್ಲ. ಅವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನನಗೆ ಆಟಿಸಂ ಇದೆ. ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಕಿವಿ ಚೆನ್ನಾಗೇ ಕೇಳಿಸುತ್ತದೆ. ಆದರೆ ಬೇಕಾದ ಸದ್ದು ಉಳಿಸಿ ಬೇಡದ್ದನ್ನು ಸೋಸುವ ಕೆಲಸ ಮಿದುಳಿನದು, ಅದು ನನ್ನಲ್ಲಿ ಬೇರೆ ಥರ ನಡೆಯುತ್ತದೆ. ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಹೋದರೆ ಅಂಗಡಿಯವರ ಮಾತು, ಆಟೋ ಹಾರ್ನ್, ಶಟರ್ ಎಳೆದ ಸದ್ದು, ಯಾರದೋ ಮೊಬೈಲು, ಎಲ್ಲವೂ ಒಂದೇ ಜೋರಿನಲ್ಲಿ ಮೈಮೇಲೆ ಬೀಳುತ್ತವೆ.

ಹಾಗಂತ ನನಗೆ ಬೇಕಾದ ಮೌನ ಅಂದರೆ ಸದ್ದೇ ಇರಬಾರದು ಅಂತಲ್ಲ. ಅವ್ವ ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲೇ ಕೂತು ಓದುತ್ತೇನೆ. ಆ ಟಪ್ ಟಪ್ ಯಾವಾಗ ನಿಲ್ಲುತ್ತದೆ, ಯಾವಾಗ ರೊಟ್ಟಿ ಹಂಚಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಅದೇ ಹೊತ್ತಿಗೆ ಗಂಗಾಳ ಜಾರಿ ಬಿದ್ದರೆ ಹಲ್ಲಿನ ಬುಡದವರೆಗೂ ನೋವು. ಬೇಸಿಗೆಯಲ್ಲಿ ಕೂಲರ್ ಇಲ್ಲದೆ ನಮ್ಮೂರಲ್ಲಿ ಬದುಕಲಾಗುವುದಿಲ್ಲ, ಅಲ್ವಾ? ಆದರೂ ರಾತ್ರಿ ಕರೆಂಟು ಹೋಗಿ ಅದರ ಗುಂಯ್ ನಿಂತಾಗ, ಬೆವರುತ್ತಲೇ, ನನ್ನ ಭುಜ ಸಡಿಲವಾಗುತ್ತದೆ.

ಬೆಳಿಗ್ಗೆ ಬೇಗ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗುತ್ತೇನೆ. 1367ರ ಕಟ್ಟಡ ಅದು. ನಡುವೆ ಅಂಗಳ ಬಿಡದೆ ಪೂರ್ತಿ ಚಾವಣಿ ಹಾಕಿದ್ದಾರೆ. ಕಮಾನುಗಳ ನೆರಳಲ್ಲಿ ಅರ್ಧ ಗಂಟೆ ಸುಮ್ನೆ ಕೂತರೆ ಸಾಕು, ಮಾತು ತಾನಾಗಿ ಬಾಯಿಗೆ ಬರುತ್ತದೆ. ಮಾತಾಡದೇ ಇರುವುದೇ ಮೌನ ಅಂತಾರೆ. ನನಗೆ ಮಾತು ಹುಟ್ಟುವುದೇ ಅಲ್ಲಿ.

ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸ್ ಸದ್ದಿಲ್ಲದೆ ನಡೆಯಲಿ ಅಂತ ನಾನು ಕೇಳುತ್ತಿಲ್ಲ. ಅವು ನನ್ನೂರಿನ ಸಂಭ್ರಮ. ದಿನ ಮೊದಲೇ ಗೊತ್ತಿರುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಅಂಥ ಅವಕಾಶ ಎಲ್ಲಿದೆ? ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಅಂತ ಘೋಷಿಸಲು 2000ದ ಶಬ್ದಮಾಲಿನ್ಯ ನಿಯಮದಲ್ಲೇ ಅವಕಾಶವಿದೆ. ಅಲ್ಲಿ ರಾತ್ರಿಯ ಮಿತಿ 40 ಡೆಸಿಬಲ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನೂ ಅಂಗವೈಕಲ್ಯ ಅಂತ ಒಪ್ಪಿದೆ.

ಪೊಲೀಸರು ಮತ್ತು ಪಾಲಿಕೆಯವರು ಆಸ್ಪತ್ರೆಗಳ ಮುಂದೆ ಈ ಮಿತಿ ಪಾಲನೆಯಾಗುವಂತೆ ನೋಡಿಕೊಳ್ಳಲಿ. ಆಸ್ಪತ್ರೆಯವರು ಹೊರರೋಗಿಗಳು ಕಾಯುವ ಕಡೆ ಟಿವಿ ಸದ್ದು ತೆಗೆಯಲಿ. ಮದುವೆ ಮನೆಯವರೇ, ಗೇಟು ದಾಟುವ ಆ ಎರಡು ನಿಮಿಷ ದಯವಿಟ್ಟು ಡಿಜೆ ಆರಿಸಿ.

— ಓದುಗಿ, ಬ್ರಹ್ಮಪುರ, ಕಲಬುರಗಿ