ಹೊಂದುತ್ತದೆ ಎಂದು ಹೇಳಿ ಕಳಿಸಿದ ಹಳೆಯ ಡಿಪಿಎಫ್: ಹಣ ವಾಪಸ್ ಕೋರಿ ದೂರು

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು,
ಆನ್‌ಲೈನ್ ಹಳೆ ಬಿಡಿಭಾಗ ಮಾರಾಟ ವಿಭಾಗ, ಬೆಂಗಳೂರು

ವಿಷಯ: ಬಿಎಸ್6 ಡೀಸೆಲ್ ವ್ಯಾನ್‌ಗೆ ಕೊಂಡ ಸೆಕೆಂಡ್ ಹ್ಯಾಂಡ್ ಡಿಪಿಎಫ್ ವಾಪಸ್ ಪಡೆದು ಪೂರ್ತಿ ಹಣ ಕೊಡುವ ಬಗ್ಗೆ

ನಮಸ್ಕಾರ.

ನಿಮ್ಮಿಂದ 26,500 ರೂಪಾಯಿಗೆ ತರಿಸಿದ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಡಬ್ಬಿ) ನನ್ನ ವ್ಯಾನ್‌ಗೆ ಹೊಂದಲಿಲ್ಲ. ಹೊಂದಿದ್ದರೂ ಉಪಯೋಗ ಇರಲಿಲ್ಲ, ಯಾಕಂದ್ರೆ ಒಳಗಿನ ಫಿಲ್ಟರೇ ಹಾಳಾಗಿದೆ. ನಿಮ್ಮ ಕಸ್ಟಮರ್ ಕೇರ್‌ನವರು ಇದನ್ನು ‘ಫಿಟ್ಟಿಂಗ್ ಸಮಸ್ಯೆ’ ಎಂದು ಬರೆದುಕೊಂಡು ನನ್ನ ದೂರನ್ನು ಮುಚ್ಚಿಬಿಟ್ಟಿದ್ದಾರೆ. ಇದು ಫಿಟ್ಟಿಂಗ್ ಸಮಸ್ಯೆ ಅಲ್ಲ. ಯಾಕೆ ಅಲ್ಲ ಅಂತ ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಗಾಡಿ ಕೆಲಸ ಗೊತ್ತಿರುವ ಯಾರಾದರೂ ಓದಲಿ.

ವ್ಯಾನ್ 2021ರದು, ಬಿಎಸ್6 ಅನ್ನುವ ಹೊಗೆ ಮಿತಿಯ ನಿಯಮಕ್ಕೆ ತಕ್ಕದ್ದು. ನಾನೇ ಮಾಲೀಕ, ನಾನೇ ಡ್ರೈವರ್. ಬೆಳಿಗ್ಗೆ ಸಂಜೆ ಮೈಸೂರಿನೊಳಗೆ ಸ್ಟಾಫ್ ಪಿಕಪ್, ಡ್ರಾಪ್. ಶನಿವಾರ ಭಾನುವಾರ ಸಿಕ್ಕಿದರೆ ಊಟಿ, ಮಡಿಕೇರಿ ಬಾಡಿಗೆ. ಊರೊಳಗೆ ನಿಂತು ನಿಂತು ಓಡುವ ಗಾಡಿಗೆ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ. ಸುಮಾರು 600 ಡಿಗ್ರಿ ಬಿಸಿ ಬಂದರೆ ಒಳಗೆ ಕೂತ ಮಸಿ ಉರಿದು ಹೋಗುತ್ತದೆ. ಆ ಬಿಸಿ ಬರಲಿ ಅಂತಲೇ ವಾರ್ನಿಂಗ್ ಲೈಟ್ ಬಂದಾಗಲೆಲ್ಲ ನಂಜನಗೂಡು ರೋಡಿನಲ್ಲಿ ಒಂದೇ ವೇಗದಲ್ಲಿ ಓಡಿಸಿಕೊಂಡು ಬರುತ್ತಿದ್ದೆ. ಆದರೆ ಇಂಜಿನ್ ಆಯಿಲ್‌ನಿಂದ ಬರುವ ಬೂದಿ ಉರಿಯುವುದಿಲ್ಲ, ಅಲ್ಲೇ ಕೂರುತ್ತದೆ. ನಮ್ಮ ಮೆಕ್ಯಾನಿಕ್ ಇನ್ನು ಬದಲಿಸಲೇಬೇಕು ಅಂದರು. ಹೊಸದರ ರೇಟು ಕೇಳಿ ತಲೆ ತಿರುಗಿತು. ಹಾಗಾಗಿ ನಿಮ್ಮಲ್ಲಿಗೆ ಬಂದೆ.

ಆರ್ಡರ್ ಮಾಡುವ ಮೊದಲೇ ಚಾಸಿ ನಂಬರ್ ಕೊಟ್ಟಿದ್ದೆ. ನನ್ನ ಹಳೆಯ ಡಿಪಿಎಫ್ ಮೇಲಿದ್ದ ಪಾರ್ಟ್ ನಂಬರಿನ ಫೋಟೋ ಕಳಿಸಿ, ಇದೇ ನಂಬರಿನದು ಇದೆಯಾ ಅಂತ ಕೇಳಿದ್ದೆ. ‘ಸೇಮ್ ಪಾರ್ಟ್ ಸರ್, ಬಿಎಸ್6ಗೆಲ್ಲ ಆಗುತ್ತೆ, ಕ್ಲೀನ್ ಮಾಡಿ ಟೆಸ್ಟ್ ಮಾಡಿದ್ದೇವೆ’ ಎಂಬ ಉತ್ತರ ನಿಮ್ಮದೇ ಚಾಟ್‌ನಲ್ಲಿದೆ. ಅದರ ಸ್ಕ್ರೀನ್‌ಶಾಟ್ ಇದರ ಜೊತೆ ಇಟ್ಟಿದ್ದೇನೆ.

ಬಿಎಸ್6ಗೆಲ್ಲ ಒಂದೇ ಡಿಪಿಎಫ್ ಹೇಗೆ ಆಗುತ್ತದೆ? ಬಿಎಸ್6 ಬಂದದ್ದು 2020ರ ಏಪ್ರಿಲ್ 1ಕ್ಕೆ. 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತ ಶುರುವಾಯಿತು. ಗಾಡಿ ಹೆಸರು ಅದೇ ಇದ್ದರೂ ಎಕ್ಸಾಸ್ಟ್, ಸೆನ್ಸರ್ ಬೇರೆ ಇರಬಹುದು. ಪಾರ್ಟ್ ನಂಬರ್ ಕೇಳುವುದೇ ಅದಕ್ಕೆ. ನೀವು ಕಳಿಸಿದ್ದರಲ್ಲಿ ನಂಬರಿನ ಕೊನೆಯ ಅಕ್ಷರಗಳು ಬೇರೆ. ಫ್ಲೇಂಜ್ (ಪೈಪ್ ಜೋಡಿಸುವ ಅಂಚು) ಕೂರುತ್ತದೆ, ಬೋಲ್ಟ್ ಕೂಡ ಹೋಗುತ್ತದೆ. ಆದರೆ ಪ್ರೆಶರ್ ಸೆನ್ಸರ್‌ಗೆ ಫಿಲ್ಟರಿನ ಮುಂದೆ ಒಂದು, ಹಿಂದೆ ಒಂದು ಪೈಪ್ ಬೇಕು. ಇದರಲ್ಲಿ ಹಿಂದಿನದಕ್ಕೆ ಜಾಗವೇ ಇಲ್ಲ. ಎರಡು ಕಡೆಯ ಒತ್ತಡದ ವ್ಯತ್ಯಾಸ ನೋಡಿಯೇ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಫಿಲ್ಟರಿನೊಳಗೆ ಎಷ್ಟು ಮಸಿ ಇದೆ ಅಂತ ಲೆಕ್ಕ ಹಾಕುವುದು. ಆ ಪೈಪ್ ಇಲ್ಲದೆ ಗಾಡಿಗೆ ಕಣ್ಣು ಕಟ್ಟಿದಂತೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಡಿಪಿಎಫ್ ಒಳಗಿನ ಸಣ್ಣ ಕೊಳವೆಗಳನ್ನು ಒಂದು ಬಿಟ್ಟು ಒಂದರಂತೆ ಒಂದೊಂದು ತುದಿಯಲ್ಲಿ ಮುಚ್ಚಿರುತ್ತಾರೆ. ಹೊಗೆ ಗೋಡೆಯೊಳಗಿಂದ ಸೋಸಿಯೇ ಆಚೆ ಹೋಗಬೇಕು. ಹಾಗಾಗಿ ಒಂದು ಕಡೆ ಟಾರ್ಚ್ ಹಿಡಿದರೆ ಇನ್ನೊಂದು ಕಡೆ ಬೆಳಕು ಕಾಣಬಾರದು. ಇದರಲ್ಲಿ ಆರಾಮಾಗಿ ಕಾಣುತ್ತದೆ! ಹೊಗೆ ಹೊರಹೋಗುವ ಬದಿ ಪೂರ್ತಿ ಮಸಿ. ಫಿಲ್ಟರ್ ಸರಿ ಇದ್ದರೆ ಆ ಬದಿ ಕಪ್ಪಾಗುವುದೇ ಇಲ್ಲ. ಡಬ್ಬಿಯ ಸುತ್ತ ಕೈಯಿಂದ ಮಾಡಿದ ವೆಲ್ಡಿಂಗ್ ಗುರುತು ಬೇರೆ. ಎಕ್ಸಾಸ್ಟ್ ಡಬ್ಬಿ ಕೊಯ್ದು ಒಳಗಿನ ಪ್ಲಾಟಿನಂ, ಪಲ್ಲೇಡಿಯಂ ಆಸೆಗೆ ತಿರುಳು ತೆಗೆಯುವವರು ಇದ್ದಾರೆ ಅನ್ನುವುದು ಗ್ಯಾರೇಜ್‌ನವರಿಗೆಲ್ಲ ಗೊತ್ತು. ನೀವೇ ಕೊಯ್ದಿರಿ ಅನ್ನುತ್ತಿಲ್ಲ. ಆದರೆ ‘ಟೆಸ್ಟ್ ಮಾಡಿದ್ದೇವೆ’ ಅಂದಿರಲ್ಲ, ಒಂದು ಟಾರ್ಚ್ ಹಾಕಿ ನೋಡಲಿಲ್ವಾ?

ಇನ್ನು ನಿಮ್ಮ ಪ್ರತಿನಿಧಿ ಫೋನಿನಲ್ಲಿ ಕೊಟ್ಟ ಸಲಹೆ. ‘ಸೆನ್ಸರ್ ಬಿಟ್ಟುಬಿಡಿ, ಇಸಿಯು ಮ್ಯಾಪ್ ಮಾಡಿಸಿ ಡಿಪಿಎಫ್ ಆಫ್ ಮಾಡಿಸಿ, ಎಲ್ಲರೂ ಮಾಡಿಸ್ತಾರೆ’ ಅಂದರು. ಅಂದರೆ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಡಿಪಿಎಫ್ ಇಲ್ಲದೆಯೇ ಗಾಡಿ ಓಡಿಸುವುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. ನನ್ನದು ಹಳದಿ ಬೋರ್ಡ್. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಆರ್‌ಟಿಓ ಮುಂದೆ ನಿಲ್ಲುವವನು ನಾನು, ಅವರಲ್ಲ. ಡಿಪಿಎಫ್ ತೆಗೆಸುವುದೇ ಆಗಿದ್ದರೆ ನಿಮಗೆ ಸುಮ್ನೆ ಇಷ್ಟು ದುಡ್ಡು ಯಾಕೆ ಕೊಡುತ್ತಿದ್ದೆ?

‘ಹಳೆ ಮಾಲಿಗೆ ರಿಟರ್ನ್ ಇಲ್ಲ’ ಎಂದು ಬಿಲ್‌ನಲ್ಲಿ ಹಾಕಿದ್ದೀರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲು ಕೆಟ್ಟಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಮಾರಿದವರು ವಾಪಸ್ ಪಡೆಯಲ್ಲ ಅನ್ನುವ ಹಾಗಿಲ್ಲ. ಇಲ್ಲಿ ಎರಡೂ ಆಗಿದೆ. ‘ಕಮರ್ಷಿಯಲ್ ಗಾಡಿ, ನೀವು ಗ್ರಾಹಕರೇ ಅಲ್ಲ’ ಎಂಬ ಮಾತೂ ಬಂತು. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕ ಎಂದೇ ನೋಡುತ್ತದೆ.

ನನಗೆ ಬೇಕಾದದ್ದು ಇಷ್ಟು. 26,500 ರೂಪಾಯಿ, ಲಾರಿ ಬಾಡಿಗೆ 900, ಮೆಕ್ಯಾನಿಕ್ ಕೂಲಿ 1,800, ಒಟ್ಟು 29,200 ರೂಪಾಯಿ ನನ್ನ ಖಾತೆಗೆ ಬರಬೇಕು. ಮಾಲನ್ನು ನಿಮ್ಮ ಖರ್ಚಿನಲ್ಲಿ ಒಯ್ಯಿರಿ. ಇದರ ಬದಲು ಇನ್ನೊಂದು ಪೀಸ್ ಕಳಿಸುತ್ತೇವೆ ಅನ್ನುವುದು ಬೇಡ. ನಿಮ್ಮ ಟೆಸ್ಟಿಂಗ್ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ಮುಂದೆ ಬೇರೆಯವರಿಗೆ ಮಾರುವಾಗಲಾದರೂ ಪಾರ್ಟ್ ನಂಬರ್, ಎರಡೂ ತುದಿಯ ಫೋಟೋ, ಯಾವ ಗಾಡಿಯಿಂದ ಬಿಚ್ಚಿದ್ದು, ಎಷ್ಟು ಕಿಲೋಮೀಟರ್ ಓಡಿತ್ತು ಎಂಬುದನ್ನು ಹಾಕಿ.

ಈ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂದು ಅದೇ ಇ-ಕಾಮರ್ಸ್ ನಿಯಮಗಳಲ್ಲಿದೆ. ಆಗದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ದಾಖಲಿಸುತ್ತೇನೆ, ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ಕೇಸಿಗೆ ಅಲ್ಲಿ ಫೀಸೂ ಇಲ್ಲ.

ಡಿಪಿಎಫ್ ನೀವು ಕಳಿಸಿದ ಡಬ್ಬದಲ್ಲೇ ಗ್ಯಾರೇಜ್‌ನಲ್ಲಿದೆ. ಟಾರ್ಚ್ ಹಾಕಿ ತೆಗೆದ ವಿಡಿಯೋ ಕಳಿಸಿದ್ದೇನೆ. ಒಯ್ಯಲು ಬರುವವರು ಹಿಂದಿನ ದಿನ ಫೋನ್ ಮಾಡಲಿ. ಬೆಳಿಗ್ಗೆ ಹತ್ತರ ಮೇಲೆ, ಸಂಜೆ ನಾಲ್ಕರ ಒಳಗೆ ಬಂದರೆ ನಾನು ಸಿಗುತ್ತೇನೆ.

ಇಂತಿ,
ವ್ಯಾನ್ ಮಾಲೀಕ, ಮೈಸೂರು