ಊಟಕ್ಕಿಂತ ಮೊದಲು ಬಿಸಿ: ಹಾವಿನ ಮರಿ ತಂದ ಗೆಳೆಯನಿಗೊಂದು ಪತ್ರ

ಪ್ರಿಯ ಮಂಜ,

ಫೋಟೋ ನೋಡಿದೆ. ಬೆನ್ನ ಮೇಲಿನ ಆ ಕೆಂಪು ಮಚ್ಚೆಗಳನ್ನು ಕಂಡು ನಿಮ್ಮಮ್ಮ ವಿಡಿಯೋ ಕಾಲ್‌ನಲ್ಲೇ ‘ಕೊಳಕುಮಂಡಲ!’ ಅಂತ ಕೂಗಿಕೊಂಡರು ಅಂದೆಯಲ್ಲ, ಪಾಪ, ಅವರ ತಪ್ಪೇನಿಲ್ಲ. ಇದು ಕಾರ್ನ್ ಸ್ನೇಕ್, ಅಮೆರಿಕದ ಆಗ್ನೇಯ ಭಾಗದ್ದು, ವಿಷವಿಲ್ಲ, ನಮ್ಮ ಕೆರೆಹಾವಿಗೆ ದೂರದ ನಂಟ ಅಂತ ಸಮಾಧಾನ ಹೇಳು. ನಾಗರಪಂಚಮಿಗೆ ಒಂದು ಬಟ್ಟಲು ಹಾಲಿಡು ಅಂದರೆ ಮಾತ್ರ ಒಪ್ಪಬೇಡ. ಹಾವಿಗೆ ಹಾಲು ಅರಗುವುದಿಲ್ಲ. ನೀರು ಸಿಗದೆ ಬಾಯಾರಿದ ಹಾವು ಎದುರಿಗೆ ಸಿಕ್ಕಿದ್ದನ್ನು ಕುಡಿಯುತ್ತದೆ, ಅಷ್ಟೇ. ಇನ್ನು ಊರಿನಲ್ಲಿ ನಿನ್ನ ತಮ್ಮ ಕೆರೆಹಾವು ಹಿಡಿದು ಸಾಕುತ್ತೇನೆ ಅಂತಿದ್ದಾನಂತೆ. ನೀನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಂಗಡಿಯಿಂದ ತಂದ ಹಾಗಲ್ಲ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಈಗ ನಿನ್ನ ಗೋಳಿಗೆ ಬರೋಣ. ತಂದು ಮೂರು ದಿನವಾಯಿತು, ಇಲಿಮರಿ ಮೂಸಿಯೂ ನೋಡುತ್ತಿಲ್ಲ ಅಂತ ಬರೆದಿದ್ದೀಯ. ಮೂರನೇ ದಿನಕ್ಕೇ ಯಾಕೋ ಅದರ ಮುಂದೆ ಇಲಿ ಹಿಡಿದೆ? ಹೊಸ ಜಾಗಕ್ಕೆ ಬಂದ ಹಾವಿಗೆ ಮೊದಲ 7 ದಿನ ನೀರು ಬಿಟ್ಟರೆ ಏನೂ ಬೇಡ. ಎತ್ತಲೂ ಬೇಡ, ಗಾಜು ತಟ್ಟಲೂ ಬೇಡ. ಆ ವಾರದಲ್ಲಿ ನೀನು ಸರಿಮಾಡಬೇಕಾದ್ದು ಬಿಸಿ. ಹಾವಿನ ಹೊಟ್ಟೆಗೆ ಸ್ವಂತ ಒಲೆಯಿಲ್ಲ. ಹೊರಗಿನ ಬಿಸಿ ಸಿಕ್ಕರೆ ಇಲಿ ಅರಗುತ್ತದೆ, ಸಿಗದಿದ್ದರೆ ಒಳಗೇ ಕೊಳೆಯುತ್ತದೆ.

ಫೋಟೋದಲ್ಲಿ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬಿಸಿಯಾಗುವ ಹಾಸು, ಕಾಣಿಸಿತು; ಅದರ ಬಿಸಿಯನ್ನು ಅಂಕೆಯಲ್ಲಿಡುವ ಥರ್ಮೋಸ್ಟ್ಯಾಟ್ ಕಾಣಿಸಲಿಲ್ಲ. ಅದಿಲ್ಲದೆ ಮ್ಯಾಟ್ ಹಚ್ಚಲೇಬಾರದು. ಅಂಕೆಯಿಲ್ಲದ ಮ್ಯಾಟ್ 40 ಡಿಗ್ರಿ ದಾಟುತ್ತದೆ, ಹಾವು ಅದರ ಮೇಲೆಯೇ ಸುರುಳಿ ಸುತ್ತಿ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಮ್ಯಾಟ್ ತೊಟ್ಟಿಯ ತಳದ ಮೂರನೇ ಒಂದು ಭಾಗಕ್ಕೆ ಮಾತ್ರ, ಹೊರಗಡೆಯಿಂದ, ಒಂದೇ ಪಕ್ಕಕ್ಕೆ ಇರಲಿ. ಅಲ್ಲಿ 30ರಿಂದ 31 ಡಿಗ್ರಿ, ಎದುರು ಪಕ್ಕದಲ್ಲಿ 22ರಿಂದ 24. ಅಳೆಯುವುದು ಎಲ್ಲಿ ಅನ್ನುವುದೇ ಇಲ್ಲಿ ಮುಖ್ಯ. ಕಾರ್ನ್ ಸ್ನೇಕ್ ತೊಟ್ಟಿಗೆ ಹಾಸಿದ ಮರದ ಹೊಟ್ಟು ಕೆದಕಿ ತಳಕ್ಕಿಳಿಯುವ ಜಾತಿ. ಮೇಲ್ಪದರ 28 ತೋರಿಸುತ್ತಿರುವಾಗ ಕೆಳಗಿನ ಗಾಜು 38 ಇರಬಹುದು. ಆದ್ದರಿಂದ ಪ್ರೋಬ್, ಅಂದರೆ ಥರ್ಮೋಸ್ಟ್ಯಾಟಿನ ಬಿಸಿ ಅಳೆಯುವ ತುದಿಯನ್ನು, ಮ್ಯಾಟ್‌ನ ನೇರಕ್ಕೆ ಗಾಜಿನ ಮೇಲೇ ಕೂರಿಸು, ಅಲ್ಲಾಡದ ಹಾಗೆ. ಟೇಪು ಮಾತ್ರ ಒಳಗೆ ಅಂಟಿಸಬೇಡ. ಹಾವು ಅದಕ್ಕೆ ಮೆತ್ತಿಕೊಂಡರೆ ಚರ್ಮವೇ ಕಿತ್ತು ಬರುತ್ತದೆ. ಬಿಸಿ ಪಕ್ಕದಲ್ಲಿ ಹೊಟ್ಟು 2 ಸೆಂಟಿಮೀಟರ್ ಮೀರದಿರಲಿ. ಹೊಟ್ಟು ಆಸ್ಪೆನ್ ಮರದ್ದಾಗಲಿ. ಸೀಡರ್ ಮರದ್ದು ಘಮಘಮ ಅನ್ನುತ್ತದೆ, ಆ ಎಣ್ಣೆಯೇ ಹಾವಿನ ಶ್ವಾಸಕೋಶಕ್ಕೆ ವಿಷ.

ಅಡಗುತಾಣ ಒಂದೇ ಇಟ್ಟಿದ್ದೀಯ, ಅದೂ ತಂಪು ಪಕ್ಕದಲ್ಲಿ. ಎರಡು ಬೇಕು, ಎರಡೂ ಪಕ್ಕಕ್ಕೆ, ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿ. ಒಂದೇ ಇದ್ದರೆ ಹಾವು ಬಿಸಿ ಬಿಟ್ಟು ಮರೆಯನ್ನೇ ಆರಿಸಿಕೊಳ್ಳುತ್ತದೆ. ಆಮೇಲೆ ಅರಗಲಿಲ್ಲ ಅಂತ ಇಲಿಯನ್ನು ಬೈದು ಪ್ರಯೋಜನವಿಲ್ಲ.

ಎಂಟನೇ ದಿನಕ್ಕೆ ಊಟ. ಅಡುಗೆಮನೆಯ ತಕ್ಕಡಿ ಬೇಡ, ಅದಕ್ಕೆಂದೇ ಬೇರೆ ಒಂದು ಕೊಂಡು, ಹಾವನ್ನು ಡಬ್ಬಿಯೊಳಗಿಟ್ಟು ತೂಗು. 12 ಗ್ರಾಂ ಮರಿಗೆ ಒಂದೂವರೆಯಿಂದ 2 ಗ್ರಾಂ ತೂಗುವ ಒಂದು ಪಿಂಕಿ, ಅಂದರೆ ಕೂದಲು ಬಾರದ ಇಲಿಮರಿ, ಸಾಕು. ದಪ್ಪದಲ್ಲಿ ಹಾವಿನ ನಡುವಿನ ಒಂದೂವರೆ ಪಟ್ಟು ಮೀರಬಾರದು. ಮರಿಗೆ 5ರಿಂದ 7 ದಿನಕ್ಕೊಮ್ಮೆ; ದೊಡ್ಡದಾದ ಮೇಲೆ 10ರಿಂದ 14 ದಿನಕ್ಕೊಂದು ಇಲಿ. ಜೀವಂತ ಇಲಿ ಬೇಡವೇ ಬೇಡ, ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಹಾಕುತ್ತದೆ.

ಫ್ರೀಜರ್‌ನಲ್ಲಿ ತೆಂಗಿನತುರಿ ಪಕ್ಕ ಇಲಿ ಇಟ್ಟರೆ ಮನೆಯವರು ನಿನ್ನನ್ನೇ ಹೊರಗೆ ಹಾಕುತ್ತಾರೆ. ಮುಚ್ಚಳ ಬಿಗಿಯಿರುವ ಬೇರೆ ಡಬ್ಬಿ, ಎಲ್ಲಕ್ಕಿಂತ ಕೆಳಗಿನ ಅರೆ. ಕೊಡುವ ದಿನ ಪಿಂಕಿಯನ್ನು ಜಿಪ್ ಚೀಲಕ್ಕೆ ಹಾಕಿ, ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕಾಲು ಗಂಟೆ ಬಿಡು. ತೆಗೆದು ಹೊಟ್ಟೆ ಒತ್ತಿ ನೋಡು: ಒಳಗೆ ತಣ್ಣನೆ ಗಟ್ಟಿ ಸಿಕ್ಕಿದರೆ ಇನ್ನೂ ಆಗಿಲ್ಲ. ಕುದಿಯುವ ನೀರಿಗೆ ಹಾಕಿದರೆ ಹೊಟ್ಟೆ ಒಡೆಯುತ್ತದೆ. ಮೈಕ್ರೋವೇವ್ ಒಂದು ಕಡೆ ಬೇಯಿಸುತ್ತದೆ, ಇನ್ನೊಂದು ಕಡೆ ಮಂಜುಗಡ್ಡೆ ಹಾಗೇ. ಬೆಚ್ಚಗಾದ ಪಿಂಕಿಯನ್ನು ಒರೆಸಿ, ಉದ್ದನೆ ಚಿಮಟದಲ್ಲಿ ಸೊಂಟ ಹಿಡಿದು, ತಲೆ ಮುಂದಾಗಿ, ಮೇಲಿನಿಂದಲ್ಲ, ಪಕ್ಕದಿಂದ ತೋರಿಸು. ನಾಲಿಗೆ ಪಟಪಟ ಆಡತೊಡಗಿ, ಕತ್ತು ಎಸ್ ಆಕಾರಕ್ಕೆ ಮಡಚಿತೋ, ಕೈ ಅಲ್ಲೇ ನಿಲ್ಲಿಸು. ಉಳಿದದ್ದು ಅದರ ಕೆಲಸ.

ಹಿಂದೆ ಸರಿದರೆ ಬೆನ್ನಟ್ಟಬೇಡ. ಪಿಂಕಿಯನ್ನು ಕಾಗದದ ತುಂಡಿನ ಮೇಲೆ ಅಡಗುತಾಣದ ಬಾಯಿಗಿಟ್ಟು, ದೀಪ ಆರಿಸಿ, ರಾತ್ರಿಯೆಲ್ಲ ಬಿಡು. ಬೆಳಿಗ್ಗೆಯೂ ಹಾಗೇ ಇದ್ದರೆ ಬಿಸಾಡು, ಮತ್ತೆ ಫ್ರೀಜ್ ಮಾಡಬೇಡ. ಮುಂದಿನ ಪ್ರಯತ್ನ 5 ದಿನ ಬಿಟ್ಟು. ಮೂರು ಸಲ ಒಲ್ಲೆ ಅಂದು ತೂಕವೂ ಇಳಿದರೆ ಸರೀಸೃಪ ನೋಡುವ ವೈದ್ಯರಿಗೆ ತೋರಿಸು. ಕಣ್ಣು ಹಾಲುನೀಲಿಯಾಗಿದ್ದರೆ ಮಾತ್ರ ಗಾಬರಿ ಬೇಡ, ಪೊರೆ ಬಿಡುವ ಕಾಲ ಅದು, ತಿನ್ನದಿರುವುದೇ ಹೆಚ್ಚು. ಪೊರೆ ಸಲೀಸಾಗಿ ಕಳಚಲಿ ಅಂತ ಒದ್ದೆ ಪಾಚಿ ತುಂಬಿದ ಡಬ್ಬಿಗೊಂದು ತೂತು ಮಾಡಿ ಒಳಗಿಡು. ಕಳಚಿದ ಪೊರೆಯಲ್ಲಿ ಎರಡೂ ಕಣ್ಣಿನ ಪೊರೆ, ಬಾಲದ ತುದಿ ಬಂದಿದೆಯೇ ನೋಡು. ಬರದಿದ್ದರೆ ಉಗುರಿನಿಂದ ಕೀಳಬೇಡ.

ನುಂಗಿದ ಮೇಲೆ 48 ಗಂಟೆ ಮುಟ್ಟಬಾರದು. ಮುಟ್ಟಿದರೆ, ಇಲಿ ದೊಡ್ಡದಾದರೆ, ಬಿಸಿ ಸಾಲದಾದರೆ, ಎರಡು ಮೂರು ದಿನಕ್ಕೆ ಅರೆಬೆಂದಂಥ ಇಲಿ ವಾಂತಿಯಾಗಿ ಬಿದ್ದಿರುತ್ತದೆ. ಆ ನಾತ ಹೇಳತೀರದು. ಹಸಿದಿದೆ ಪಾಪ ಅಂತ ಮರುದಿನವೇ ಕೊಡುವುದು ಎಲ್ಲರೂ ಮಾಡುವ ತಪ್ಪು. ಆಮ್ಲ ತಾಗಿ ಗಂಟಲು ಹುಣ್ಣಾಗಿರುತ್ತದೆ. 10ರಿಂದ 14 ದಿನ ನೀರು ಮಾತ್ರ, ಆಮೇಲೆ ಹಿಂದಿನದಕ್ಕಿಂತ ಚಿಕ್ಕ ಇಲಿ. ಇನ್ನೊಮ್ಮೆ ಕಕ್ಕಿದರೆ ವೈದ್ಯರೇ ಗತಿ. ಬಾಯಿ ತೆರೆದು ಉಸಿರಾಡಿದರೂ, ಮೂಗಿನಲ್ಲಿ ಗುಳ್ಳೆ ಬಂದರೂ ಅಷ್ಟೇ, ಕಾಯಬೇಡ. ನೀರಿನ ಬಟ್ಟಲಿನಲ್ಲಿ ಎಳ್ಳಿನಂಥ ಕರಿ ಚುಕ್ಕಿ ತೇಲಿದರೆ ಉಣ್ಣಿಜಾತಿಯ ಹುಳ ಹತ್ತಿದೆ ಅಂತ ತಿಳಿ.

ಎರಡು ಊಟ ಸರಿಯಾಗಿ ಅರಗಿ ಹಿಕ್ಕೆ ಬಿದ್ದ ಮೇಲೆ ಕೈಗೆತ್ತಿಕೋ, ಮೊದಮೊದಲು ಐದು ನಿಮಿಷ. ಮೇಲಿನಿಂದ ಕೈ ಹಾಕಿದರೆ ಅದಕ್ಕೆ ಹದ್ದೇ ಬಂದಂತೆ. ಬಾಲ ಅದುರಿಸಿದರೆ ಹೆದರಿದೆ ಅಂತ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆ, ಭೇದಿ ತರಿಸುವ ಸಾಲ್ಮೊನೆಲ್ಲಾ ರೋಗಾಣು ಇರುತ್ತದೆ. ಐದು ವರ್ಷದೊಳಗಿನ ಮಗುವಿನ ಕೈಗೆ ಕೊಡಬೇಡ. ಮುಚ್ಚಳಕ್ಕೆ ನಾಲ್ಕೂ ಕಡೆ ಕ್ಲಿಪ್ ಹಾಕು. ತಲೆ ತೂರಿದ ಸಂದಿಯಲ್ಲಿ ಮೈಯೂ ತೂರುತ್ತದೆ.

ಇವತ್ತೇ ಥರ್ಮೋಸ್ಟ್ಯಾಟ್ ತಂದು ಹಾಕಿ, ರಾತ್ರಿ ಹತ್ತಕ್ಕೂ ಬೆಳಿಗ್ಗೆ ಆರಕ್ಕೂ ಎರಡೂ ಪಕ್ಕದ ಡಿಗ್ರಿ ಬರೆದು ಕಳಿಸು. ಇಲಿ ವಿಷಯ ಅದನ್ನು ನೋಡಿದ ಮೇಲೆ ಮಾತಾಡೋಣ.

ನಿನ್ನ ಗೆಳೆಯ